ತೊಟ್ಟಿಲ ಕೊಂಡಿಗೆ ತೂಗಿದ ಎಂಜಿನ್

ನಮ್ಮ ಪಡಸಾಲೆಯ ನಡುದೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿಯಿದೆ. ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅದಕ್ಕೆ ಕಟ್ಟಿದ ತೊಟ್ಟಿಲಲ್ಲೇ ತೂಗಿಸಿಕೊಂಡು ಬೆಳೆದದ್ದರಿಂದ ಅದರ ಒಳಮೈ ಸವೆದು ಹೊಳೆಯುತ್ತದೆ, ಹೊರಮೈ ಮಾತ್ರ ಮಸಿ ಹಿಡಿದಂತೆ ಕಪ್ಪು. ಬಂದವರು ಕತ್ತೆತ್ತಿ ನೋಡಿ ‘ಒಲೆಯ ಹೊಗೆ ಇರಬೇಕು’ ಎನ್ನುತ್ತಾರೆ, ನಾನೂ ಹೂಂಗುಟ್ಟುತ್ತೇನೆ. ನಿಮ್ಮೆದುರು ಹಾಗೆ ತಲೆಯಾಡಿಸಲು ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಆದವಾನಿಯಲ್ಲಿ ಪೆಟ್ರೋಲಿಗೆ ರೇಷನ್ ಚೀಟಿ, ಸಕ್ಕರೆಗೂ ಚೀಟಿ. ಅಪ್ಪನದು ಹತ್ತಿಯ ಬೀಜ ಬಿಡಿಸಿ ಅರಳೆ ಮಾಡುವ ಮಿಲ್ಲು. ಊರು ಬಿಟ್ಟು ಹೊರಟ ಬಿಳಿಯ ಇಂಜಿನಿಯರನೊಬ್ಬನಿಂದ ಅಣ್ಣ ಕೊಂಡಿದ್ದ ಓಟದ ಕಾರು ನಮ್ಮ ಅಂಗಳದಲ್ಲಿ ನಿಂತಿತ್ತು: ಎರಡೇ ಸೀಟು, ಮೇಲೆ ಸೂರಿಲ್ಲ, ಉದ್ದ ಮೂತಿ. ಅದರ ಸದ್ದಿಗೆ ಹಟ್ಟಿಯ ಕುರಿಗಳೆಲ್ಲ ದಿಕ್ಕಾಪಾಲಾಗುತ್ತಿದ್ದವು, ಕುರುಬರು ಅಣ್ಣನ ಏಳು ತಲೆಮಾರಿಗೂ ಮಂಗಳಾರತಿ ಎತ್ತುತ್ತಿದ್ದರು. ಶೋಕಿ ಎಂದು ನಕ್ಕವರಲ್ಲಿ ನಾನೂ ಒಬ್ಬಳು. ಆದರೆ ಅತ್ತಿಗೆಯ ಚೊಚ್ಚಲ ಹೆರಿಗೆಯಲ್ಲಿ, ಅವಳ ತವರು ಆಲೂರಿನಿಂದ ಎತ್ತಿನ ಬಂಡಿ ಆದವಾನಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಹೋಗಿಬಿಟ್ಟ ಮೇಲೆ, ಆ ಕಾರು ಶೋಕಿಯಾಗಿ ಉಳಿಯಲಿಲ್ಲ. ಎರಡನೆಯ ಬಾರಿ ಬಸುರಾದಾಗ ಅತ್ತಿಗೆ ಅಣ್ಣನಿಗೆ ಒಂದೇ ಮಾತು ಹೇಳಿದ್ದಳು: “ಈ ಸಲ ಬಂಡ್ಯಾಗ ನಾ ಬರಂಗಿಲ್ರಿ. ನನ್ನ ಕೂಸನ್ನ ನೀವ ಕಾರ್ ತಗೊಂಡ್ ಬಂದು ಕರ್ಕೊಂಡ್ ಬರ್ರಿ.”

ಅದೇ ಹೊತ್ತಿಗೆ ಕಾರು ಕೈಕೊಟ್ಟಿತು, ನೋಡಿ. ಎಂಜಿನ್ನಿನ ಹೊಟ್ಟೆಯೊಳಗೆ ಏನೋ ಸವೆದು ಕಟಕಟ ಎನ್ನುತ್ತಿತ್ತು. ಇಳಿಸಿ ಬಿಚ್ಚದೆ ದಾರಿಯಿರಲಿಲ್ಲ. ಮಿಲ್ಲಿನ ಫಿಟ್ಟರ್ ಖಾಸೀಮ ಸಾಬ, ಅಣ್ಣನ ಓರಗೆಯವ, ಮನೆಯಲ್ಲೇ ಇಳಿಸೋಣ ಎಂದ. ಅಷ್ಟು ಭಾರ ತಡೆಯುವುದು ಪಡಸಾಲೆಯ ತೇಗದ ತೊಲೆಯೊಂದೇ. ಬಂಡಿಯ ಹಲಗೆ ಒಡ್ಡಿ, ಕಾರಿನ ಮೂತಿಯನ್ನು ಪಡಸಾಲೆಗೆ ಹತ್ತಿಸಿದರು. ತೊಟ್ಟಿಲ ಕೊಂಡಿಗೆ ಭಾರ ಎತ್ತುವ ಜೋಡಿ ಕಪ್ಪಿ ಬಿಗಿದು, ಹಗ್ಗವನ್ನು ಕಂಬಕ್ಕೊಂದು ಸುತ್ತು ಹಾಕಿ ಅಣ್ಣ ತುದಿ ಹಿಡಿದ.

“ಅಕಸ್ಮಾತ್ ಬಿದ್ರ ಏನ್ ಗತಿಯೋ?” ಎಂದಳು ಅವ್ವ.

“ಫಿಕರ್ ಮಾಡಬ್ಯಾಡ್ರಿ ಅವ್ವಾರ, ಅಡಿಗೆ ಅರಳಿ ಹಾಸ್ತೀವಿ. ಅದರ ಮ್ಯಾಲ ಬಿದ್ರ ಗಾಜಿನ ಬಳೀನೂ ಒಡ್ಯಂಗಿಲ್ಲ” ಎಂದ ಖಾಸೀಮ.

ನಗಬೇಡಿ. ನಮ್ಮೂರಿನವರಿಗೆ ಹತ್ತಿಯೆಂದರೆ ಅಂಥ ನಂಬಿಕೆ. ಕನ್ನಡಿ ತರಲಿ, ಉಪ್ಪಿನಕಾಯಿ ಭರಣಿ ಸಾಗಿಸಲಿ, ಜೋಕಾಲಿಯಿಂದ ಮಗು ಬೀಳುವ ಭಯವಿರಲಿ, ಎಲ್ಲದಕ್ಕೂ ಕೆಳಗೆ ಅರಳೆಯೇ. ಮಿಲ್ಲಿನಿಂದ ಚೀಲಗಟ್ಟಲೆ ತಂದು ಮೊಣಕಾಲೆತ್ತರ ಹರಡಿದರು. ನಮಗೆಲ್ಲ ಧೈರ್ಯ ಬಂತು.

ಅವ್ವನಿಗೆ ಮಾತ್ರ ಇನ್ನೊಂದು ಅಳುಕು. ಇನ್ನೂ ತವರಿಗೆ ಹೋಗದ ತುಂಬಿದ ಬಸುರಿ ಮನೆಯಲ್ಲಿರುವಾಗ ಕೂಸು ತೂಗುವ ಕೊಂಡಿಗೆ ಕಬ್ಬಿಣ ತೂಗಿಸುವುದೆ? “ಆರತಿ ಬೆಳಗದ ಹಗ್ಗಕ್ಕ ಕೈ ಹಚ್ಚಬ್ಯಾಡ್ರಿ” ಎಂದು ಪಟ್ಟು ಹಿಡಿದಳು. ಕಾಯಿ ಒಡೆಯುವಲ್ಲಿ ಬಸುರಿ ನಿಲ್ಲಬಾರದೆಂದು ಅತ್ತಿಗೆಯನ್ನು ಹಿತ್ತಿಲಿಗೆ ಕಳಿಸಿ, ಕಾಯಿ ಒಡೆಸಿ, ಹಿಡಿ ಕರ್ಪೂರ ಹಚ್ಚಿ ಕೊಂಡಿಗೂ ಹಗ್ಗಕ್ಕೂ ಬೆಳಗಿದಳು. ಆರತಿಯನ್ನು ಊದಿ ಆರಿಸುವ ಪದ್ಧತಿ ನಮ್ಮಲ್ಲಿಲ್ಲ, ತಾನಾಗಿಯೇ ಶಾಂತವಾಗಬೇಕು. ತಟ್ಟೆಯನ್ನು ಮುಂದಿನ ಗಾಲಿಯ ಬದಿಗಿಟ್ಟು, ಯಾರೂ ಕಾಲು ತಾಗಿಸದಿರಲೆಂದು ಅವ್ವ ತಾನೇ ಕಾವಲು ಕೂತಳು.

ಎಂಜಿನ್ ಗೇಣಷ್ಟು ಎದ್ದು ಹಿಂಬದಿಯಲ್ಲಿ ಸಿಕ್ಕಿಕೊಂಡಿತು. ಬೋಲ್ಟು ಸಡಿಲಿಸಲು ಖಾಸೀಮ ಅಡಿಗೆ ತೂರಿದ. ಅವನೂ ಅಣ್ಣನೂ ಪೆಟ್ರೋಲೆಲ್ಲ ಬಸಿದು ಡಬ್ಬಿಗೆ ತುಂಬಿಟ್ಟಿದ್ದರು. ಕೊಳವೆಯಲ್ಲಿ ಉಳಿದಿದ್ದನ್ನು ಯಾರು ನೆನೆದರು? ಎಂಜಿನ್ ವಾಲಿದಾಗ ಅದು ತೊಟ್ಟಿಕ್ಕಿತು. ನೆಲದ ಮೇಲಾದರೆ ಹರಿದದ್ದು ಕಣ್ಣಿಗೆ ಬೀಳುತ್ತಿತ್ತು. ಅರಳೆ ಸದ್ದಿಲ್ಲದೆ ಕುಡಿಯಿತು, ಆರತಿ ತಟ್ಟೆಯಿದ್ದ ಗಾಲಿಯ ತನಕವೂ ಕುಡಿಯಿತು.

ಭಗ್ಗೆಂದಿತು. ಅವ್ವನ ಸೀರೆಯೂ ಹತ್ತಿಯದೇ ಅಲ್ಲವೆ! “ಮಗಾ” ಎಂದು ಅವಳು ಕೂಗಿದ್ದು ಅಣ್ಣನನ್ನೇ. ಹಗ್ಗ ಬಿಟ್ಟರೆ ಎಂಜಿನ್ ಖಾಸೀಮನ ಎದೆಯ ಮೇಲೆ. ಬಿಡದಿದ್ದರೆ ಮೂರು ಮಾರು ದೂರದಲ್ಲಿ ಹೆತ್ತವಳು ಉರಿಯುತ್ತಿದ್ದಾಳೆ. ಅಪ್ಪನೂ ಆಳುಗಳೂ ಮಿಲ್ಲಿನಲ್ಲಿದ್ದರು, ಗಂಟು ಹಾಕುವಷ್ಟು ಪುರುಸೊತ್ತು ಎಲ್ಲಿತ್ತು? ಅಣ್ಣ ಹಗ್ಗ ಬಿಡಲಿಲ್ಲ. ಅವ್ವನನ್ನೇ ನೋಡುತ್ತ, ಗಂಟಲು ಹರಿಯುವಂತೆ “ಖಾಸೀಮಾ, ಬಾರೋ, ಲಗೂ ಹೊರಗ ಬಾರೋ” ಎಂದು ಒದರುತ್ತ ನಿಂತ. ನಾನು ಕಂಬಳಿ ತಂದು ಅವ್ವನ ಮೇಲೆ ಬಿದ್ದೆ. ಖಾಸೀಮ ತೆವಳಿ ಹೊರಬಂದ ಮೇಲೆಯೇ ಅಣ್ಣ ಕೈ ಸಡಿಲಿಸಿದ್ದು. ಹಗ್ಗ ಅವನ ಅಂಗೈಗಳ ಚರ್ಮವನ್ನೂ ಕಿತ್ತುಕೊಂಡು ಓಡಿತು. ಎಂಜಿನ್ ಬಿದ್ದು ಒಡೆಯಿತು. ಆ ಕಾರು ಮತ್ತೆ ಓಡಲಿಲ್ಲ.

ಮರುದಿನ ಸಂಜೆಯವರೆಗೂ ಅವ್ವನಿಗೆ ಜೀವವಿತ್ತು. “ಖಾಸೀಮ ಉಳದಾನೇನು?” ಎಂದಳು. ಉಳದಾನವ್ವ ಎಂದೆ. “ಹಂಗಾರ ನಿಮ್ಮಣ್ಣಗ ಹೇಳು, ನಾ ಸಿಟ್ಟಾಗಿಲ್ಲ ಅಂತ.” ಹೇಳಿದೆ. ಅಣ್ಣ ಕೇಳಿಸಿಕೊಂಡ, ಅದರಿಂದ ಅವನಿಗೆ ನೆಮ್ಮದಿ ಸಿಕ್ಕಿತೆಂದು ಮಾತ್ರ ನಾನು ಸುಳ್ಳು ಹೇಳಲಾರೆ. ನನಗೂ ಸಿಗಲಿಲ್ಲ. ಒಂದು ಜೀವ ಉಳಿಸಿದವನನ್ನು ಹೊಗಳಬೇಕೆಂದು ಬುದ್ಧಿ ಹೇಳುತ್ತಿತ್ತು, ಅವ್ವನ ಕೂಗು ನೆನಪಾದಾಗೆಲ್ಲ ಅವನ ಮುಖ ನೋಡಲಾಗುತ್ತಿರಲಿಲ್ಲ. ಸರಿಯಾದುದನ್ನೇ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೆನ್ನುವವರ ಕೈಗೆ ಆ ಹಗ್ಗದ ತುದಿಯನ್ನೊಮ್ಮೆ ಕೊಟ್ಟು ನೋಡಬೇಕು ಎನಿಸುತ್ತದೆ ನನಗೆ.

ಅತ್ತಿಗೆ ಆಲೂರಿಗೆ ಹೋಗಲಿಲ್ಲ. ಬಂಡಿಯೂ ಬೇಡ, ಕಾರೂ ಇಲ್ಲ. ಈ ಮನೆಯಲ್ಲೇ ಹೆತ್ತಳು, ಹೆಣ್ಣುಮಗು, ಬದುಕಿತು. ಕಪ್ಪಾದ ಕೊಂಡಿಯನ್ನು ಕೀಳಿಸೋಣ ಎಂದ ಅಪ್ಪನಿಗೆ “ಇರಲಿ ಮಾವ, ಅತ್ತಿ ಆರತಿ ಬೆಳಗಿದ ಕೊಂಡಿ ಅದು” ಎಂದು, ಅದಕ್ಕೇ ತೊಟ್ಟಿಲು ಕಟ್ಟಿಸಿದಳು. ಆದರೆ ಒಳಗೆ ಹತ್ತಿಯ ಹಾಸಿಗೆ ಹಾಕಲಿಲ್ಲ. ಕಂಬಳಿ ಮಡಚಿ ಹಾಸಿದಳು.

ಅಣ್ಣ ತೊಟ್ಟಿಲ ಹಗ್ಗವನ್ನು ಎಂದೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಮಗು ಚೀರುತ್ತಿತ್ತು, ಹೆಂಗಸರೆಲ್ಲ ಹಿತ್ತಿಲಲ್ಲಿದ್ದೆವು. ನಾನು ಓಡಿಬಂದೆ. ಅಣ್ಣ ಕೊಂಡಿಯ ಕೆಳಗೆ ಮಂಡಿಯೂರಿದ್ದ. ತೂಗುತ್ತಿರಲಿಲ್ಲ. ಗಾಯ ಮಾಯದ ಎರಡೂ ಅಂಗೈಗಳನ್ನು ತೊಟ್ಟಿಲ ಅಡಿಗೆ ಒಡ್ಡಿಕೊಂಡು ಮೇಲೆ ನೋಡುತ್ತಿದ್ದ. ತಾಯಿ ಬಂದು ಎತ್ತಿಕೊಂಡು ಮಗು ಸುಮ್ಮನಾದ ಮೇಲೂ, ಖಾಲಿ ತೊಟ್ಟಿಲ ಕೆಳಗೆ ಆ ಕೈಗಳು ಹಾಗೆಯೇ ಇದ್ದವು.