ತೋಳಿನ ಹಲಗೆಗೆ ಯಜಮಾನರ ಅಳತೆ

ನೋಡಿ ಗೆಳತಿಯರೇ, ಇವತ್ತು ರವಿವಾರ ನಮ್ಮ ಯಜಮಾನರು ಶಿವಾಜಿನಗರದಲ್ಲಿರುವ ನಮ್ಮ ಊರ ಕಡೆಯ ಬಡಗಿಯಿಂದ ಒಂದು ಹಲಗೆ ತಂದರು. ರವಿಕೆಯ ತೋಳನ್ನು ಅದಕ್ಕೆ ತೊಡಿಸಿ ಇಸ್ತ್ರಿ ಮಾಡಬೇಕು. ಪುಣೆಗೆ ಬಂದಾಗಿನಿಂದ ರವಿಕೆ ಹೊಲಿಯುವವಳು ನಾನು. ಆದರೂ ಬಡಗಿ ಹೋದ ವಾರ ನನ್ನ ಕೊರಳಲ್ಲಿದ್ದ ಟೇಪು ನೋಡಿಯೂ, "ಬಾಯಾರ, ಅಳತಿ ಹೇಳಾಕ ಯಜಮಾನ್ರನ್ನ ಕಳಸ್ರಿ. ಹೆಣ್ಮಕ್ಕಳಿಗೆ ಕಟಗಿ ಕೆಲಸ ತಿಳಿಯಂಗಿಲ್ಲ" ಅಂದಿದ್ದ.

ಇವರು ನಾನು ಬರೆದುಕೊಟ್ಟ ಚೀಟಿಯನ್ನು ಮನೆಯಲ್ಲೇ ಮರೆತು, ಅಂದಾಜಿಗೆ ಒಂದು ಗೇಣು ಅಗಲ ಹೇಳಿ ಬಂದಿದ್ದರು. ಆ ಹಲಗೆಗೆ ಪೈಜಾಮದ ಕಾಲು ಏರುವುದೂ ಕಷ್ಟ. ನಾಳೆ ಬೆಳಿಗ್ಗೆ ಜೇಜುರಿಗೆ ದೇವರ ದರ್ಶನಕ್ಕೆ ಹೊರಡುವ ಹೊಸ ಮದುಮಗಳ ಮೂರು ರವಿಕೆಗಳು ಕಾದಿದ್ದವು.

"ಇಷ್ಟು ಅಗಲ ಯಾಕ್ರಿ?" ಎಂದೆ.

"ದೊಡ್ಡದಿದ್ರ ಚಲೋ ಅಲ್ಲೇನು?" ಅಂದರು.

ಹಲಗೆ ಹೊತ್ತು ನಾನೇ ಹೋದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಇಲ್ಲಿ ಕೊಯ್ರಿ" ಎಂದು ಎದುರಿಗೇ ನಿಂತೆ. ಬಡಗಿ ಕೊಯ್ದು, ಹತ್ತರಿ ಹೊಡೆದು ನುಣುಪು ಮಾಡಿದ. ರವಿಕೆ ತೊಡಿಸಿದೆ, ತೋಳು ಸಲೀಸಾಗಿ ಕೂತಿತು.

ಅವನು ತಲೆದೂಗಿ, "ಯಜಮಾನ್ರ ಅಳತಿ ನಾ ಸರಿ ಮಾಡೇನಿ ಅಂತ ಹೇಳ್ರಿ" ಅಂದ.

ಮನೆಗೆ ಬಂದು ಹೇಳಿದರೆ ಇವರು, "ಭಾಳ ಶಾಣ್ಯಾ ಬಡಗಿ" ಎಂದು ಪೇಪರ್ ತಿರುವಿದರು.

ಮೂರೂ ರವಿಕೆ ಇಸ್ತ್ರಿ ಆದ ಮೇಲೂ ಇಸ್ತ್ರಿಪೆಟ್ಟಿಗೆಯ ಇದ್ದಿಲು ಕೆಂಪಗಿತ್ತು. ಪಕ್ಕದಲ್ಲೇ ಇವರ ನಾಳಿನ ಆಫೀಸಿನ ಅಂಗಿ ಇತ್ತು. ಇದ್ದಿಲಿಗೆ ನೀರು ಸುರಿದು ಎದ್ದೆ. ಶಾಣ್ಯಾ ಬಡಗಿ ಇದ್ದಾನಲ್ಲ, ಅಂಗಿಗೂ ಹತ್ತರಿ ಹೊಡೆಸಿಕೊಳ್ಳಲಿ.