ಗುಂಡಿ ಒತ್ತಿ ಕಾದಿದ್ದವರು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಸಹೋದ್ಯೋಗಿ ಫೋನಿನಲ್ಲಿ "ಎಲ್ಲ ಕಡಿದುಬಿಡಿ" ಎಂದ. ಹತ್ತಿರದ ಒಂದು ಸಣ್ಣ ಊರಿನ ಕಂಪ್ಯೂಟರುಗಳ ಮೇಲೆ ದಾಳಿ ಶುರುವಾಗಿದ್ದದ್ದು ಬೆಳಿಗ್ಗೆ. ಆದರೆ ಕೆಡುಕು ಶುರುವಾದದ್ದು ಯಾವಾಗ ಎಂದು ಕೇಳಿದರೆ ಇವತ್ತಿಗೂ ನನ್ನ ಬಾಯಿಗೆ ಬರುವುದು ಎರಡೂ ಇಪ್ಪತ್ತೇ. ದಾಳಿಯನ್ನು ನಾವು ನಿಲ್ಲಿಸಿದ ಗಳಿಗೆ ಅದು.

ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ಜುಲೈ. ಸ್ವೀಡನ್ನಿನಲ್ಲಿ ಜುಲೈ ಎಂದರೆ ಸರ್ಕಾರಕ್ಕೆ ಸರ್ಕಾರವೇ ರಜೆ ಹೋಗುವ ತಿಂಗಳು. ಯಾರಿಗೆ ಮೇಲ್ ಮಾಡಿದರೂ, ಆಗಸ್ಟ್‌ನಲ್ಲಿ ಸಿಗುತ್ತೇನೆ, ತುರ್ತಿದ್ದರೆ ಇಂಥವರನ್ನು ಕೇಳಿ ಎಂಬ ಉತ್ತರ ತಾನಾಗಿ ಬರುತ್ತದೆ. ಅವರನ್ನು ಕೇಳಿದರೆ ಅವರದೂ ಅದೇ ಉತ್ತರ. ಓರೆಬ್ರೂವಿನ ನಮ್ಮ ಕಚೇರಿಯಲ್ಲಿ ಆ ವಾರ ಉಳಿದಿದ್ದವರು ಮೂವರು. ಸುತ್ತಲಿನ ಸಣ್ಣ ಕೊಮ್ಯೂನ್‌ಗಳು, ಅಂದರೆ ಇಲ್ಲಿಯ ಪುರಸಭೆಗಳು, ಸೈಬರ್ ದಾಳಿಗೆ ಸಿಕ್ಕಿದಾಗ ಸರ್ಕಾರದ ಕಡೆಯಿಂದ ನೆರವಿಗೆ ನಿಲ್ಲುವುದು ನಮ್ಮ ಕೆಲಸವಾಗಿತ್ತು.

ಮೂವರಲ್ಲಿ ಒಬ್ಬರೂ ಈ ಕೆಲಸಕ್ಕೆಂದೇ ಓದಿದವರಲ್ಲ. ಫೋನಿನಲ್ಲಿ ಮಾತಾಡಿದಾತ ಐವತ್ತು ದಾಟಿದವನು. ಹಿಂದೆ ರೈಲ್ವೆಯ ನಿಯಂತ್ರಣ ಕೊಠಡಿಯಲ್ಲಿ ಕೂತು ರೈಲುಗಳಿಗೆ ದಾರಿ ಬಿಡುತ್ತಿದ್ದ. ಮನೆಯಲ್ಲಿ ಗಂಡನ ಹತ್ತಿರ ಮಾತಾಡುವಾಗ ನಾನು ಆತನನ್ನು ರೈಲಿನವನು ಎನ್ನುತ್ತಿದ್ದೆ. ನಮ್ಮ ಮುಖ್ಯಸ್ಥೆ ಆಂಬುಲೆನ್ಸ್ ಕರೆಗಳು ಬರುವ ಕೇಂದ್ರದಲ್ಲಿ ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿಕೊಂಡು ಕೂತವಳು. ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಇಲ್ಲಿ ಡಾಕ್ಟರೇಟ್ ಮುಗಿಸಿ, ಪೌರತ್ವ ಸಿಕ್ಕಿದ ಮೇಲೆ ಈ ಹುದ್ದೆಗೆ ಅರ್ಜಿ ಹಾಕಿದವಳು. ನೆಟ್‌ವರ್ಕಿನಲ್ಲಿ ಹರಿಯುವ ಲಕ್ಷಾಂತರ ಸಂದೇಶಗಳಲ್ಲಿ ವಿಚಿತ್ರವಾದದ್ದನ್ನು ಹೆಕ್ಕಿ ತೋರಿಸುವುದು ನನ್ನ ಪಾಲಿನ ಕೆಲಸ. ಸೇರುವ ಮುನ್ನ ಒಂದು ಭದ್ರತಾ ಸಂದರ್ಶನವಿರುತ್ತದೆ. ಅದರಲ್ಲಿ ಕಂಪ್ಯೂಟರಿನ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಇಂಡಿಯಾದಲ್ಲಿ ಯಾರ್ಯಾರಿದ್ದಾರೆ, ಕುಡಿಯುತ್ತೀಯಾ, ಗಂಡನ ಜೊತೆ ಜಗಳವಾದರೆ ಎಷ್ಟು ದಿನ ಮಾತು ಬಿಡುತ್ತೀಯ, ಇಂಥವೇ. ಮೊದಲ ದಿನ ಮುಖ್ಯಸ್ಥೆ ನನ್ನನ್ನು ಕೂರಿಸಿಕೊಂಡು, ಕಂಪ್ಯೂಟರ್ ಯಾರಿಗೆ ಬೇಕಾದರೂ ಕಲಿಸಬಹುದು, ಹಳೆಯ ಕೆಲಸ ಮರೆಸುವುದು ಮಾತ್ರ ನಮ್ಮ ಕೈಯಲ್ಲಿಲ್ಲ ಎಂದಿದ್ದಳು. ತಮಾಷೆಗೆ ಹೇಳಿದಳೆಂದುಕೊಂಡಿದ್ದೆ.

ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬರು ಹೋಳಿಗೆ ಮುರಿಯುತ್ತ ನನ್ನನ್ನು ಕೆಣಕಿದ್ದರು. "ಸೈಬರ್ ಡಿಫೆನ್ಸಾ? ಹಂಗಾದ್ರೆ ನಮ್ಮ ವಾಟ್ಸಾಪ್ ಎಲ್ಲಾ ಓದ್ತೀರಿ ಅನ್ನಿ."

"ಓದೋ ಅಂಥದ್ದು ಏನಿರುತ್ತೆ ಮಾರಾಯ ನಿಮ್ಮ ವಾಟ್ಸಾಪಲ್ಲಿ, ಬರೀ ಗುಡ್ ಮಾರ್ನಿಂಗು," ಎಂದು ನನ್ನ ಗಂಡ ಉತ್ತರ ಕೊಟ್ಟ. ಎಲ್ಲರೂ ನಕ್ಕರು. ಆ ಕೆಲಸದ ಬಗ್ಗೆ ನಾವು ಮನೆಯಾಚೆ ಆಡಿದ್ದ ಮಾತು ಅಷ್ಟೇ.

ಆ ಮಧ್ಯಾಹ್ನ ನಡೆದದ್ದನ್ನು, ಹೇಳಬಹುದಾದಷ್ಟನ್ನು, ಹೇಳುತ್ತೇನೆ. ಓರೆಬ್ರೂವಿನಿಂದ ಮುಕ್ಕಾಲು ಗಂಟೆ ದೂರದ ಒಂದು ಸಣ್ಣ ಕೊಮ್ಯೂನ್. ಅಲ್ಲಿಯ ಕಡತಗಳು ಒಂದೊಂದಾಗಿ ಬೀಗ ಬಿದ್ದಂತೆ ತೆರೆಯದಾಗಿದ್ದವು. ಮೊದಲು ಶಾಲೆಗಳವು, ಆಮೇಲೆ ಸಂಬಳದವು. ಅದು ಹಬ್ಬುತ್ತಿದ್ದ ವೇಗವನ್ನು ನಾನು ಪರದೆಯ ಮೇಲೆ ತೋರಿಸುತ್ತಿದ್ದೆ. ಆ ಕಡೆ ಫೋನಿನಲ್ಲಿದ್ದವಳು ರಜೆ ಹೋದವರ ಬದಲಿಗೆ ಬಂದ ತಾತ್ಕಾಲಿಕ ಉದ್ಯೋಗಿ. ಸ್ಪೀಕರ್ ಹಾಕಿದ್ದರಿಂದ ಪ್ರತಿ ಮಾತೂ ನನಗೆ ಕೇಳಿಸುತ್ತಿತ್ತು. ನಿಲ್ಲಬಾರದ್ದು ಏನಾದರೂ ಈ ನೆಟ್‌ವರ್ಕಿನ ಮೇಲಿದೆಯೇ ಎಂದು ರೈಲಿನವನು ಕೇಳಿದ. ಅವಳು ನಕ್ಷೆ ನೋಡಿದಳು. ನೀರಿನದು ಬೇರೆ, ವೃದ್ಧರ ಅಲಾರ್ಮ್ ಹಳೆಯ ಟೆಲಿಫೋನ್ ತಂತಿಯ ಮೇಲೆ, ಅದೂ ಬೇರೆ, ಇದರ ಮೇಲೆ ಅಂಥದ್ದೇನೂ ಇಲ್ಲ ಎಂದಳು. ಆತ ಮತ್ತೆ ಯೋಚಿಸಲಿಲ್ಲ, ನೆಟ್‌ವರ್ಕಿನ ಸಂಪರ್ಕ ಎಲ್ಲ ಕಡಿದುಬಿಡಿ ಎಂದ. ಅವನ ಹಳೆಯ ಕೆಲಸದಲ್ಲಿ ಅನುಮಾನ ಬಂದ ತಕ್ಷಣ ಎಲ್ಲ ಸಿಗ್ನಲ್‌ಗಳನ್ನೂ ಕೆಂಪು ಮಾಡಬೇಕು, ಯೋಚನೆಯೆಲ್ಲ ಆಮೇಲೆ.

ದಾಳಿ ನಿಂತಿತು. ಆತ ಫ್ರಿಜ್ಜಿನಿಂದ ದಾಲ್ಚಿನ್ನಿ ಬನ್ ತೆಗೆದು ತಂದ. ನಾವಿಬ್ಬರೂ ಫೀಕಾಕ್ಕೆ, ಎಂದರೆ ಕಾಫಿಗೆ, ಕೂತೆವು. ತನ್ನ ಬೇಸಿಗೆ ಮನೆಯ ದೋಣಿಗೆ ಬಣ್ಣ ಹೊಡೆಯುವ ಬಗ್ಗೆ ಆತ ಹೇಳುತ್ತಿದ್ದ. ನನಗೂ ಹಾಯೆನಿಸಿತ್ತು.

ಹೊರಗಿನ ಸಭೆಯೊಂದನ್ನು ಮುಗಿಸಿ ಮುಖ್ಯಸ್ಥೆ ಬಂದದ್ದು ಒಂದು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ. ಎಲ್ಲ ಕೇಳಿಸಿಕೊಂಡಳು. ಬ್ಯಾಗ್ ಕೆಳಗಿಡದೆಯೇ, ಆ ಊರಿನ ಅಲಾರ್ಮ್ ಕರೆಗಳು ಹೇಗಿವೆ ಎಂದಳು. ಇಲ್ಲಿ ಒಂಟಿಯಾಗಿ ಬದುಕುವ ಮುದುಕರ ಮಣಿಕಟ್ಟಿನಲ್ಲಿ ಒಂದು ಗುಂಡಿ ಇರುತ್ತದೆ. ಬಿದ್ದರೆ, ಎದೆ ನೋವು ಬಂದರೆ ಅದನ್ನು ಒತ್ತುತ್ತಾರೆ. ಮನೆಯಲ್ಲಿರುವ ಪುಟ್ಟ ಪೆಟ್ಟಿಗೆ ಅಲಾರ್ಮ್ ಕೇಂದ್ರಕ್ಕೆ ಕರೆ ಕಳಿಸುತ್ತದೆ, ಅಲ್ಲಿಂದ ಒಬ್ಬರು ಮಾತಾಡುತ್ತಾರೆ, ಆರೈಕೆಯವರು ಕೀಲಿ ಹಿಡಿದು ಓಡಿ ಬರುತ್ತಾರೆ. ಮುಖ್ಯಸ್ಥೆ ಕೇಂದ್ರಕ್ಕೆ ಫೋನ್ ಮಾಡಿದಳು. ಮಧ್ಯಾಹ್ನದಿಂದ ಒಂದೂ ಕರೆಯಿಲ್ಲ, ಅಪರೂಪಕ್ಕೆ ಆರಾಮಾಗಿದ್ದೇವೆ ಎಂದರಂತೆ ಅಲ್ಲಿಯವರು.

ಆಕೆ ಫೋನ್ ಇಟ್ಟು ನಮ್ಮತ್ತ ತಿರುಗಿದಳು. "ಇಂಥ ಸೆಕೆಯಲ್ಲಿ ಮುದುಕರು ಸುಮ್ಮನಿರಲ್ಲ. ಅವರು ಒತ್ತುತ್ತಾ ಇದ್ದಾರೆ. ನಮಗೆ ಕೇಳಿಸ್ತಾ ಇಲ್ಲ."

ಆಮೇಲೆ ಗೊತ್ತಾಯಿತು, ವಸಂತದಲ್ಲೇ ಟೆಲಿಫೋನಿನ ಆ ತಾಮ್ರದ ತಂತಿ ತೆಗೆದು ಅಲಾರ್ಮುಗಳನ್ನು ಕೊಮ್ಯೂನಿನ ನೆಟ್‌ವರ್ಕಿಗೆ ಹಾಕಿದ್ದರು. ನಕ್ಷೆಯನ್ನು ಯಾರೂ ತಿದ್ದಿರಲಿಲ್ಲ. ಅದು ಗೊತ್ತಿದ್ದ ಒಬ್ಬನೇ ಒಬ್ಬ ಯಾವುದೋ ದ್ವೀಪದಲ್ಲಿ ಫೋನ್ ಆರಿಸಿ ರಜೆಯಲ್ಲಿದ್ದ. ನೆಟ್‌ವರ್ಕನ್ನು ಮತ್ತೆ ಜೋಡಿಸಿದರೆ ದಾಳಿ ಮುಂದುವರಿಯುತ್ತದೆ. ಉಳಿದ ದಾರಿ ಒಂದೇ, ಮನೆಮನೆಗೆ ಹೋಗಿ ಬಾಗಿಲು ಬಡಿಯುವುದು. ಆರೈಕೆಯವರೂ ರಜೆಯ ಕಾಲದಲ್ಲಿ ಅರ್ಧಕ್ಕರ್ಧ. ಹಾಗಾಗಿ ಮುಖ್ಯಸ್ಥೆ ಫೋನುಗಳ ಮುಂದೆ ಕೂತು, ನಮ್ಮಿಬ್ಬರನ್ನು ಕಾರಿನಲ್ಲಿ ಕಳಿಸಿದಳು.

ದಾರಿಯುದ್ದಕ್ಕೂ ರೈಲಿನವನು ಒಂದೇ ಮಾತು ಕೇಳಿದ. "ನಾನು ಅವಳನ್ನ ಕೇಳಿದೆ. ಅಲ್ವಾ?"

ಕೇಳಿದೆ, ನಾನೇ ಕೇಳಿಸಿಕೊಂಡೆ ಎಂದೆ. ಸ್ವಲ್ಪ ದೂರ ಹೋದ ಮೇಲೆ ಆತ ಮತ್ತೆ ಅದನ್ನೇ ಕೇಳಿದ.

ನಮಗೆ ಒಪ್ಪಿಸಿದ್ದು ಒಂದು ಬೀದಿಯನ್ನು. ಹಳದಿ ಇಟ್ಟಿಗೆಯ ಎರಡಂತಸ್ತಿನ ಬಾಡಿಗೆ ಮನೆಗಳು, ಮುಂದೆ ಒಣಗಿದ ಹುಲ್ಲು. ಮೊದಲ ಬಾಗಿಲು ತೆರೆದ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಾನು ಏನನ್ನೂ ಕೊಳ್ಳುವವನಲ್ಲ, ಮತ ಯಾರಿಗೆಂದು ಮೊದಲೇ ತೀರ್ಮಾನಿಸಿದ್ದೇನೆ ಎಂದ. ಚೆನ್ನಾಗಿದ್ದೀರಾ ಎಂದು ನೋಡಲು ಬಂದೆವು ಎಂದರೆ, "ಕೊಮ್ಯೂನಿನವರಾ? ನಾನು ಕರೆಯದೇ ಬಂದಿರಾ? ಸತ್ತು ಹೋಗಿದ್ದೀನಾ ನಾನು?" ಎಂದು ಗದರಿದ. ಆ ಸೆಕೆಯಲ್ಲಿ ನನಗೆ ನಗು ಬಂತು. ಅದು ನನ್ನ ಆ ದಿನದ ಕೊನೆಯ ನಗು.

ಪಕ್ಕದ ಬಾಗಿಲು ತೆರೆಯಲಿಲ್ಲ. ಮತ್ತೆ ಮತ್ತೆ ಬೆಲ್ ಒತ್ತಿದೆವು. ಇಲ್ಲಿಯ ಬಾಗಿಲುಗಳಲ್ಲಿ ಅಂಚೆ ಹಾಕಲು ಒಂದು ಉದ್ದನೆಯ ಸೀಳು ಇರುತ್ತದೆ. ಮೊಣಕಾಲೂರಿ ಅದರ ತಗಡನ್ನು ಎತ್ತಿದೆ. ಒಳಗಿನಿಂದ ಹೆಣ್ಣಿನ ದನಿಯೊಂದು ಬಹಳ ಸೌಮ್ಯವಾಗಿ, ನಿಮ್ಮ ಕರೆಯನ್ನು ಕಳುಹಿಸಲಾಗುತ್ತಿದೆ, ದಯವಿಟ್ಟು ಕಾಯಿರಿ ಎನ್ನುತ್ತಿತ್ತು. ರೇಡಿಯೊ ಎಂದುಕೊಂಡೆ. ಸ್ವಲ್ಪ ತಡೆದು ಅದೇ ದನಿ ಅದೇ ಮಾತು ಹೇಳಿತು, ಅದು ಅಲಾರ್ಮಿನ ಪೆಟ್ಟಿಗೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದು ಬರಿಗಾಲು ಕಾಣಿಸಿತು, ನೆಲದ ಮೇಲೆ, ಅಡ್ಡಲಾಗಿ.

ರೈಲಿನವನು ನನ್ನನ್ನು ಸರಿಸಿ ಸೀಳಿಗೆ ಬಾಯಿಟ್ಟು ಕರೆದ. ಒಳಗಿನಿಂದ ಒಣಗಿದ ಗಂಟಲಿನ ಉತ್ತರ ಬಂತು. "ಅಲಾರ್ಮಿನವರಾ?"

ಆತ ಸೀಳಿಗೆ ಇನ್ನಷ್ಟು ಬಾಗಿದ. "ಹೌದು. ಅಲಾರ್ಮಿನವರು."

"ಜುಲೈ ಅಲ್ವಾ," ಎಂದರು ಒಳಗಿನ ಅಜ್ಜಿ. "ಜನ ಇರಲ್ಲ. ನಿಮಗೂ ಕಷ್ಟ."

ನಾನು ಆರೈಕೆಯವರಿಗೆ ಫೋನ್ ಮಾಡಿದೆ. ಕೀಲಿ ಊರಿನ ಇನ್ನೊಂದು ತುದಿಯಿಂದ ಬರಬೇಕಿತ್ತು. ಪಕ್ಕದ ಮನೆಯ ಮುದುಕ ಹೊರಗೆ ಬಂದು ಗೋಡೆಯತ್ತ ಕೈ ತೋರಿಸಿ, ನಾನು ಬೆಳಿಗ್ಗೆಯಿಂದ ಇದರ ಈ ಕಡೆಯೇ ಕೂತಿದ್ದೆ, ಒಮ್ಮೆ ಬಡಿದಿದ್ದರೆ ಸಾಕಿತ್ತು, ನನ್ನ ಹತ್ತಿರ ಅವರ ಮನೆಯ ಕೀಲಿಯೇನೂ ಇಲ್ಲ, ಆದರೆ ಯಾರನ್ನಾದರೂ ಕರೆಯುತ್ತಿದ್ದೆ ಎಂದು ಹೇಳುತ್ತಲೇ ಇದ್ದ. ರೈಲಿನವನು ಸೀಳಿನಲ್ಲಿ ಅದನ್ನೇ ಕೇಳಿದ, ಗೋಡೆ ಯಾಕೆ ಬಡಿಯಲಿಲ್ಲ ಎಂದು. ಬಿದ್ದಿದ್ದ ಜಾಗದಿಂದ ಗೋಡೆ ಅವರ ಕೈಗೆ ಎಟಕುತ್ತಿತ್ತು.

"ಕಾಯಿರಿ ಅಂದ್ರು," ಎಂದರು ಅಜ್ಜಿ. "ಕಾದೆ."

ಇದನ್ನು ನಾನು ಎಷ್ಟು ಬಾರಿ ನೆನೆದಿದ್ದೇನೋ. ಈ ದೇಶದಲ್ಲಿ ಜನ ಸಾಲಿನ ಚೀಟಿ ತೆಗೆದುಕೊಂಡು ತಮ್ಮ ಸಂಖ್ಯೆ ಬರುವವರೆಗೆ ತಕರಾರಿಲ್ಲದೆ ಕೂರುತ್ತಾರೆ. ಬರುತ್ತೇವೆಂದವರು ಬಂದೇ ಬರುತ್ತಾರೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಬಂದ ಹೊಸದರಲ್ಲಿ ನನಗೆ ಈ ದೇಶದಲ್ಲಿ ಇಷ್ಟವಾದದ್ದೇ ಅದು. ನನ್ನ ತಾಯಿಯಾಗಿದ್ದರೆ ಬಿದ್ದ ಕ್ಷಣವೇ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು.

ಕೀಲಿ ಬರುವವರೆಗೆ ರೈಲಿನವನು ಮಾತು ನಿಲ್ಲಿಸಲಿಲ್ಲ. ಚಿಕ್ಕಂದಿನಲ್ಲಿ ಎಲ್ಲಿದ್ದಿರಿ ಎಂದು ಕೇಳಿ, ಅಲ್ಲಿಂದ ಇಲ್ಲಿಯವರೆಗಿನ ರೈಲು ನಿಲ್ದಾಣಗಳ ಹೆಸರನ್ನು ಒಂದೊಂದಾಗಿ ಹೇಳುತ್ತ, ಮುಂದಿನದು ಯಾವುದು ಎಂದು ಕೇಳುತ್ತಿದ್ದ. ಮೊದಮೊದಲು ಅಜ್ಜಿ ಹೇಳುತ್ತಿದ್ದರು. ಆಮೇಲೆ ಬರೀ ಹೂಂ ಎನ್ನುತ್ತಿದ್ದರು. ಆಮೇಲೆ ಅದೂ ಇಲ್ಲ. ಆತ ಆದರೂ ಹೇಳುತ್ತಲೇ ಹೋದ.

ಬಾಗಿಲು ತೆರೆದಾಗ ಒಳಗೆ ಒಲೆಯ ಹತ್ತಿರ ನಿಂತಂಥ ಬಿಸಿ. ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು, ತುಟಿ ಸೀಳಿ ಹೋಗಿತ್ತು. ಪ್ರಜ್ಞೆ ಪೂರ್ತಿ ಇರಲಿಲ್ಲ, ಆದರೂ ಹೆಬ್ಬೆರಳು ಮಣಿಕಟ್ಟಿನ ಗುಂಡಿಯನ್ನು ಒತ್ತುತ್ತಲೇ ಇತ್ತು. ಆರೈಕೆಯ ಹೆಂಗಸು ಆ ಬೆರಳನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಆಂಬುಲೆನ್ಸ್ ಬಂತು, ಹೋಯಿತು. ನಾವು ಬೀದಿಯ ಉಳಿದ ಬಾಗಿಲುಗಳನ್ನು ಬಡಿದೆವು. ಎಲ್ಲರೂ ಚೆನ್ನಾಗಿದ್ದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಹತ್ತುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಸ್ಪೀಕರಿನಲ್ಲಿ ಕೇಳಿದ ಪ್ರಶ್ನೆ, ಅದರ ಉತ್ತರ, ಬನ್ನಿನ ವಾಸನೆ, ಎಲ್ಲ ಮೊದಲಿನಿಂದ. ಒಂದು ಬೆಳಿಗ್ಗೆ ಮಗಳನ್ನು ದಾಗಿಸ್‌ಗೆ, ಅವಳ ಶಿಶುವಿಹಾರಕ್ಕೆ, ಬಿಟ್ಟು ಬರುವಾಗ ಗಂಡ ನಡುದಾರಿಯಲ್ಲಿ ನಿಂತ.

"ಏನಾಯ್ತು ಅಂತ ಹೇಳೇ. ಪ್ಲೀಸ್."

"ಹೇಳೋ ಹಾಗಿಲ್ಲ. ಗೊತ್ತಲ್ಲ ನಿಂಗೆ."

"ಯಾರಾದ್ರೂ ಸತ್ರಾ? ಅಷ್ಟಾದ್ರೂ ಹೇಳು."

"ಗೊತ್ತಿಲ್ಲ," ಎಂದೆ.

ನಿಜವಾಗಿ ಗೊತ್ತಿರಲಿಲ್ಲ. ಆಸ್ಪತ್ರೆ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ರೋಗಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ, ನಾನು ಕೇಳುವಂತೆಯೂ ಇಲ್ಲ. ಅಜ್ಜಿ ಉಳಿದರೋ ಇಲ್ಲವೋ ಎಂಬುದೊಂದೇ ನನಗೆ ಬೇಕಾಗಿದ್ದದ್ದು. ಸಂಜೆ ಆಸ್ಪತ್ರೆಯ ಕಿಟಕಿಗಳ ಕೆಳಗೆ ನಡೆದು, ಮೇಲೆ ನೋಡಿ, ಮನೆಗೆ ಬರುತ್ತಿದ್ದೆ.

ಶರತ್ಕಾಲದಲ್ಲಿ ತನಿಖೆ ನಡೆಯಿತು. ರೈಲಿನವನು ಫೋನಿನಲ್ಲಿ ಆ ಪ್ರಶ್ನೆ ಕೇಳಿದ್ದು ನಿಜವೇ ಎಂದು ತನಿಖೆಯವಳು ವಿಚಾರಿಸಿದಳು; ನಿಜ ಎಂದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದಳು. ಕಡಿದುಬಿಡಿ ಎನ್ನುತ್ತಿದ್ದೆ ಎಂದೆ. ವರದಿಯಲ್ಲಿ ಯಾರ ತಪ್ಪೂ ಇರಲಿಲ್ಲ. ಹೊಣೆಗಾರಿಕೆಗಳು ಅಸ್ಪಷ್ಟವಾಗಿದ್ದವು, ಹುದ್ದೆಗಳನ್ನು ಸರಿಯಾಗಿ ವಿವರಿಸಬೇಕು, ಇನ್ನು ಮುಂದೆ ಈ ಕೆಲಸಕ್ಕೆ ಇದನ್ನೇ ಓದಿದವರನ್ನು ತೆಗೆದುಕೊಳ್ಳುವುದು ಒಳ್ಳೆಯದು ಎಂದು ಬರೆದಿದ್ದರು. ನೂರಾರು ಮನೆಗಳಲ್ಲಿ ಒಬ್ಬರಿಗಷ್ಟೇ ಗಾಯ, ಹಾನಿ ಸೀಮಿತ ಎಂಬ ಒಂದು ವಾಕ್ಯವಿತ್ತು. ನಾನು ಕಲಿತ ಶಾಸ್ತ್ರದ ಪ್ರಕಾರ ಅದು ಸರಿಯಾದ ವಾಕ್ಯ. ನನಗೆ ಬರೆಯಲು ಕೊಟ್ಟಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆನೇನೋ.

ರೈಲಿನವನಿಗೆ ಯಾರೂ ಏನೂ ಅನ್ನಲಿಲ್ಲ. ಆದರೆ ಒಂದು ಅಣಕು ಕಾರ್ಯಾಚರಣೆಯಲ್ಲಿ, ಕಡಿಯಬೇಕೋ ಬೇಡವೋ ಎಂದು ಹೇಳುವ ಸರದಿ ಬಂದಾಗ, ಆತ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಎಲ್ಲರೂ ಕಾದರು. ಕೊನೆಗೆ ಮುಖ್ಯಸ್ಥೆ ಆತನ ಬದಲು ಉತ್ತರಿಸಿದಳು. ಅದಾದ ಮೇಲೆ ಆತ ಕೆಲಸ ಬಿಟ್ಟ.

ಹೋಗುವ ದಿನ ನನ್ನನ್ನು ಕಾರಿಡಾರಿಗೆ ಕರೆದು ಹೇಳಿದ, ಅಜ್ಜಿ ಬದುಕಿದ್ದಾರೆ. ನಿಲ್ದಾಣದ ಹೆಸರು ಹೇಳಿದವರು ಯಾರು ಎಂದು ಅವರೇ ಮಗಳ ಕೈಯಲ್ಲಿ ಹುಡುಕಿಸಿದ್ದರಂತೆ. ಈಗ ಪ್ರತಿ ವಾರ ಹೋಗುತ್ತಿದ್ದಾನೆ. ಆ ಮನೆ ಬಿಡಿಸಿ ವೃದ್ಧಾಶ್ರಮಕ್ಕೆ ಸೇರಿಸಿದ್ದಾರೆ, ನಡೆಯಲಾಗುವುದಿಲ್ಲ, ಅಂದು ನೀರಿಲ್ಲದೆ ಕೆಟ್ಟ ಮೂತ್ರಪಿಂಡ ಸರಿಹೋಗಲಿಲ್ಲ, ಬುದ್ಧಿಯೂ ಅಲೆಯುತ್ತದೆ. ಹಗಲೆಲ್ಲ ಬಾಗಿಲ ಕಡೆ ನೋಡುತ್ತ, ಬರುತ್ತೇವೆಂದವರು ಬಂದರೇ ಎಂದು ಕೇಳುತ್ತಾರಂತೆ. ಬದುಕಿದ್ದಾರೆಂದು ಕೇಳಿದ ಸಂತೋಷ ನನಗೆ ಕಚೇರಿಯ ಮೆಟ್ಟಿಲು ಇಳಿಯುವವರೆಗೂ ಉಳಿಯಲಿಲ್ಲ. ನಿದ್ದೆ ಇನ್ನಷ್ಟು ಕೆಟ್ಟಿತು. ಈಗ ಅವರು ಕಾಯುತ್ತಿರುವುದು ನನಗೆ ಖಚಿತವಾಗಿ ಗೊತ್ತಿತ್ತು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆತ ಫೋನ್ ಮಾಡಿದ. ಅಜ್ಜಿ ಗುರುವಾರ ತೀರಿಕೊಂಡರು ಎಂದ. ಮಗಳು ಹತ್ತಿರವೇ ಇದ್ದಳಂತೆ.

"ನಿನಗೆ ನಿದ್ದೆ ಬರುತ್ತಾ?" ಎಂದು ಕೇಳಿದ.

"ಇಲ್ಲ."

"ನನಗೂ ಇಲ್ಲ," ಎಂದ. ಆಮೇಲೆ ಇಬ್ಬರೂ ಫೋನ್ ಇಟ್ಟೆವು.

ಆ ದಿನ ಅನ್ನ ಮಾಡಿದೆ, ಬಟ್ಟೆ ಒಗೆದೆ, ಅತ್ತದ್ದೂ ನೆನಪಿಲ್ಲ. ಮಗಳ ಜೊತೆಯೇ ಮಲಗಿದೆ. ಎಚ್ಚರವಾದಾಗ ಕೋಣೆಯಲ್ಲಿ ಬೆಳಕಿತ್ತು. ಒಂಬತ್ತರ ಹತ್ತಿರ ಸೂರ್ಯ ಹುಟ್ಟುವ ಆ ತಿಂಗಳಲ್ಲಿ ಬೆಳಕೆಂದರೆ ಭಾನುವಾರದ ಬೆಳಗು ಬಹಳ ಏರಿತ್ತು. ಮೊದಲು ಮೈ ಹಗುರವೆನಿಸಿತು, ಆಮೇಲೆ ಯಾಕೆಂದು ನೆನಪಾಗಿ ನಾಚಿಕೆಯಾಯಿತು. ಅಜ್ಜಿಗಾಗಿ ಇನ್ನು ಹೆದರಬೇಕಾಗಿಲ್ಲ ಎಂದು ಮೈ ತಾನೇ ತೀರ್ಮಾನಿಸಿಬಿಟ್ಟಿತ್ತು, ನನ್ನನ್ನು ಒಂದು ಮಾತೂ ಕೇಳದೆ. ಮಗಳು ಮಂಚದ ತುದಿಯಲ್ಲಿ ನಿಂತು, ಹುಷಾರಿಲ್ಲವೇ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಹಾಗೇನಿಲ್ಲ ಮರಿ, ನಿದ್ದೆ ಬಂದುಬಿಟ್ಟಿತ್ತು ಎಂದೆ.