ಸಣ್ಣ ಕಟ್ಟಿನ ಪಿಳ್ಳಮ್ಮ

ಬೆಳಗಿನ ಐದು ಗಂಟೆ. ಕೆಂಪಾಂಬುಧಿ ಕೆರೆಯ ಕೆಳಗಿನ ತೋಟದಲ್ಲಿ ಇನ್ನೂ ಮಬ್ಬುಗತ್ತಲೆ. ಬಾವಿಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಪಿಳ್ಳಮ್ಮ ಕಾಲು ಚಾಚಿ ಕೂತಿದ್ದಾರೆ. ಎಡಗಡೆ ಈಗಷ್ಟೇ ಕಿತ್ತು ತೊಳೆದ ಸೊಪ್ಪಿನ ಗುಡ್ಡೆ: ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ. ಬಲಗಡೆ ನೆನೆಸಿಟ್ಟ ಬಾಳೆನಾರು. ಕೈತುಂಬ ಸೊಪ್ಪು ಹಿಡಿದು, ಬೇರು ಸಮ ಮಾಡಿ, ಎರಡು ಸುತ್ತು ನಾರು ಸುತ್ತಿ, ತುದಿಯನ್ನು ಒಳಕ್ಕೆ ತುರುಕುತ್ತಾರೆ. ನಾನು ಒಂದು ಆಕಳಿಕೆ ಮುಗಿಸುವಷ್ಟರಲ್ಲಿ ಮೂರು ಕಟ್ಟು ತಯಾರು.

ಇಷ್ಟು ಹೊತ್ತಿಗೆಲ್ಲ ಏಳುವುದು ನನ್ನ ಜಾಯಮಾನವಲ್ಲ. ಪತ್ರಿಕೆಗೆ ಬರೆಯಲೆಂದು ಕಾಫಿಯಿಲ್ಲದೆ ಬಂದಿದ್ದೇನೆ, ಚಳಿಗೆ ಮಫ್ಲರ್ ಸುತ್ತಿಕೊಂಡಿದ್ದೇನೆ. ಆದ್ದರಿಂದಲೋ ಏನೋ, ನನ್ನ ಕಣ್ಣು ತಪ್ಪನ್ನೇ ಹುಡುಕುತ್ತಿದೆ. ಎಲ್ಲ ಕಟ್ಟೂ ಒಂದೇ ಗಾತ್ರದವು. ಆದರೆ ಕೊನೆಯಲ್ಲಿ ಮೂರು ಕಟ್ಟು ಕಟ್ಟುತ್ತಾರೆ ನೋಡಿ, ಅವು ನೋಡಿದರೆ ಅಯ್ಯೋ ಅನಿಸುವಷ್ಟು ಬಡಕಲು. ಅವನ್ನು ಬುಟ್ಟಿಯ ಒಂದು ಮೂಲೆಗೆ ಬೇರೆಯಾಗಿ ಇಡುತ್ತಾರೆ. ಅಳತೆಯಲ್ಲಿ ಕೈಚಳಕ ಅಂದರೆ ಇದೇ ಇರಬೇಕು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಅದು ಅವರಿಗೆ ಹೇಗೆ ತಿಳಿಯಿತೋ, ತಲೆ ಎತ್ತದೆಯೇ ಹೇಳುತ್ತಾರೆ: "ಮೋಸ ಅಂದ್ಕೊಂಡ್ರಾ ಸ್ವಾಮಿ? ಮೋಸಾನೇ. ಆಸ್ಪತ್ರೆ ಅಮ್ಮಾವ್ರು ಹೇಳ್ಕೊಟ್ಟಿರೋ ಮೋಸ."

ಆಸ್ಪತ್ರೆ ಅಮ್ಮಾವ್ರು ಅಂದರೆ ಸರಸ್ವತಮ್ಮ. ಮನಶ್ಶಾಸ್ತ್ರ ಓದಿಕೊಂಡು, ಊರಾಚೆಯ ಮಾನಸಿಕ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿರುವವರು. ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಮರಳಿದವರು ಆಮೇಲೆ ಏನಾಗುತ್ತಾರೆ? ಮನೆಯಲ್ಲಿ ಮೊದಲಿನಂತೆ ಆಗುತ್ತಾರೆಯೇ, ಮೂಲೆಗುಂಪಾಗುತ್ತಾರೆಯೇ, ಮತ್ತೆ ಕಾಯಿಲೆ ಬೀಳುತ್ತಾರೆಯೇ? ಇದು ಅವರ ಅಧ್ಯಯನ. ಅದರ ಅರ್ಧ ಭಾರವನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿರುವವರು ಓದು ಬರಹ ಬಾರದ, ಐವತ್ತೆಂಟು ವರ್ಷದ ಈ ಪಿಳ್ಳಮ್ಮ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ.

ದಿನಕ್ಕೆ ನೂರಿಪ್ಪತ್ತು ಕಟ್ಟು, ಐವತ್ತೆರಡು ಮನೆ, ನಾಲ್ಕು ಮೈಲಿ. ತೋಟದಿಂದ ಗವಿಪುರ, ಅಲ್ಲಿಂದ ಬಸವನಗುಡಿ, ವಿಶ್ವೇಶ್ವರಪುರದ ಅಂಚು ಬಳಸಿ ಚಾಮರಾಜಪೇಟೆ. ಗಂಡ ಬಚ್ಚಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಒಡಹುಟ್ಟಿದ ತಮ್ಮ ಅಣ್ಣಯ್ಯಪ್ಪ ತೋಟ ನೋಡಿಕೊಳ್ಳುತ್ತಾರೆ, ಇವರು ಬೀದಿ ನೋಡಿಕೊಳ್ಳುತ್ತಾರೆ. ಹೊತ್ತೂ ಹೊತ್ತೂ ಕುತ್ತಿಗೆ ಒಂದು ಕಡೆಗೆ ವಾಲಿಕೊಂಡಿದೆ. ಮಂಡಿ ನೋವಿಗೆ ಎಕ್ಕದ ಎಲೆ ಕಟ್ಟಿಕೊಳ್ಳುತ್ತಾರೆ. ಮಳೆ ಬಂದರೂ ಜ್ವರ ಬಂದರೂ ರಜಾ ಇಲ್ಲ. ಈ ಐವತ್ತೆರಡರಲ್ಲಿ ಹದಿನಾಲ್ಕು ಮನೆಗಳಲ್ಲಿ ಆ ಆಸ್ಪತ್ರೆಯಿಂದ ಮರಳಿದವರು ಒಬ್ಬೊಬ್ಬರಿದ್ದಾರೆ.

ಇದು ಶುರುವಾದದ್ದು ಒಂದು ತಪ್ಪಿನಿಂದ. ಆರು ವರ್ಷದ ಹಿಂದೆ ಸರಸ್ವತಮ್ಮ ಗುಣವಾಗಿ ಹೋದವರ ಮನೆಗಳಿಗೆಲ್ಲ ಕಾರ್ಡು ಬರೆದರಂತೆ. ಈಗ ಹೇಗಿದ್ದಾರೆ, ನಿದ್ದೆ ಬರುತ್ತದೆಯೇ, ದಯವಿಟ್ಟು ತಿಳಿಸಿ ಎಂದು. ಬಿಚ್ಚು ಕಾರ್ಡು! ಅಂಚೆಯವನು ಓದಿದ, ಎದುರುಮನೆಯವರು ಓದಿದರು, ವಠಾರವೇ ಓದಿತು. ಒಂದು ಮನೆಯಲ್ಲಿ ಗೊತ್ತಾಗಿದ್ದ ಮದುವೆಯೇ ಮುರಿಯಿತು. ನಲವತ್ತು ಕಾರ್ಡಿಗೆ ಬಂದ ಉತ್ತರ ಮೂರು. ಆ ಮೂರರಲ್ಲೂ ಇನ್ನು ಮುಂದೆ ಬರೆಯಬೇಡಿ ಎಂದಿತ್ತು. ಆ ನೆನಪಿಗೆ ಸರಸ್ವತಮ್ಮನ ಮುಖ ಈಗಲೂ ಸಣ್ಣದಾಗುತ್ತದೆ.

ಆ ದುಃಖದಲ್ಲಿ ತಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಾಗ ಸೊಪ್ಪು ಕೊಡಲು ಬಂದ ಪಿಳ್ಳಮ್ಮನೊಡನೆ ಹೇಳಿಕೊಂಡರು. ಪಿಳ್ಳಮ್ಮ ಬುಟ್ಟಿ ಇಳಿಸಿ, ಅದಕ್ಕೇನಂತೆ, ನಾನು ನೋಡ್ಕೊಂಡ್ ಬರ್ತೀನಿ ಬಿಡಿ ಎಂದರಂತೆ. ಸೊಪ್ಪಿನವಳು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಸರಸ್ವತಮ್ಮ ಪ್ರತಿ ಮನೆಯ ಹಿರಿಯರನ್ನೂ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಕೇಳಿದರು: ನಮ್ಮ ಕಡೆಯಿಂದ ಸೊಪ್ಪಿನವಳೊಬ್ಬಳು ಬಂದುಹೋಗಬಹುದೇ? ಮರಳಿ ಬಂದವರೇ ಬಾಗಿಲಿಗೆ ಬಂದು ಸೊಪ್ಪು ತೆಗೆದುಕೊಳ್ಳಬೇಕು, ಅಷ್ಟೇ. ಒಪ್ಪದವರು ತೀರ ಕಡಿಮೆ.

ಸೋಮವಾರ ಸೋಮವಾರ ಪಿಳ್ಳಮ್ಮ ಆ ಜಗಲಿಗೆ ಬಂದು ವರದಿ ಒಪ್ಪಿಸುತ್ತಾರೆ. ಸರಸ್ವತಮ್ಮನ ಹಾಳೆಯಲ್ಲಿ ಪ್ರಶ್ನೆಗಳ ಸಾಲೇ ಇದೆ. ತಲೆ ಬಾಚಿದ್ದರೇ, ಮುಖ ನೋಡಿ ಮಾತಾಡಿದರೇ, ಒಬ್ಬರೇ ಗೊಣಗುತ್ತಿದ್ದರೇ? ಮೊದಲ ವಾರವೇ ಪಿಳ್ಳಮ್ಮ ಇದನ್ನೆಲ್ಲ ಕೇಳಿ, ಮುಖ್ಯವಾದ್ದನ್ನೇ ಬಿಟ್ಟಿದೀರಲ್ಲಮ್ಮಾವ್ರೆ ಎಂದರು. ಕೊಸರು ಕೇಳಿದರೋ ಇಲ್ಲವೋ? ಕೊಂಡ ಕಟ್ಟಿನ ಮೇಲೆ ಬಿಟ್ಟಿಯಾಗಿ ಇನ್ನೊಂದು ಹಿಡಿ ಹಾಕಿಸಿಕೊಳ್ಳದ ಹೆಂಗಸು ನಮ್ಮೂರಲ್ಲಿ ಉಂಟೇ? ಗಂಡಸರೂ ಬಿಡುವುದಿಲ್ಲ. "ಕೊಸರು ಕೇಳೋಕೆ ಶುರು ಮಾಡಿದ್ರೆ ವಾಸಿ ಆಗ್ತಾ ಇದೆ ಅಂತ ಲೆಕ್ಕ ಅಮ್ಮಾವ್ರೆ. ಬದುಕು ಬೇಕು ಅಂತ ಅನ್ಸಿದ್ರೆ ತಾನೆ ಇನ್ನೊಂದು ಹಿಡಿ ಬೇಕು ಅನ್ಸೋದು?" ಸರಸ್ವತಮ್ಮ ನಗಲಿಲ್ಲ. ಹಾಳೆಯಲ್ಲಿ ಇನ್ನೊಂದು ಸಾಲು ಎಳೆದರು. ವರ್ಷ ಕಳೆದು ನೋಡಿದರೆ, ಕೊಸರು ಕೇಳಿದವರಲ್ಲಿ ಬಹುಪಾಲು ಜನ ಮನೆಗೆಲಸಕ್ಕೋ ಅಂಗಡಿಗೋ ಮರಳಿದ್ದರು.

ಈ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಿದರೆ ಪಿಳ್ಳಮ್ಮ ಸ್ವಲ್ಪ ಹೊತ್ತು ನಾರನ್ನೇ ಸೀಳುತ್ತಾರೆ. ಅವರ ಅಕ್ಕ ದ್ರೌಪದಮ್ಮನಿಗೆ ಹದಿನೆಂಟನೇ ವಯಸ್ಸಿಗೆ ಬುದ್ಧಿ ಕೆಟ್ಟಿತು. ಆಸ್ಪತ್ರೆಗೆ ಕರೆದೊಯ್ಯಬಹುದು ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತೋಟದ ಗುಡಿಸಲಲ್ಲಿ ಕಟ್ಟಿ ಹಾಕಿದರು. ಊಟ ಕೊಡುವುದು ತಂಗಿಯ ಕೆಲಸ. "ಅಕ್ಕ ಏನನ್ನೂ ಕೇಳ್ತಿರ್ಲಿಲ್ಲ. ಕೊಟ್ರೆ ತಿಂತಿದ್ಲು. ಕೊಡೋದು ಮರ್ತರೆ ಹಂಗೇ ಕೂತಿರೋಳು. ನಾಲ್ಕು ವರ್ಷ ಒಂದು ಸಲಾನಾದ್ರೂ ಇನ್ನೊಂದು ಮುದ್ದೆ ಕೊಡೇ ಅಂದಿದ್ರೆ..." ಅಕ್ಕ ಆ ಗುಡಿಸಲಲ್ಲೇ ಹೋದರು. ಅದು ಇದೇ ತೋಟ. ನಾವು ಕೂತಲ್ಲಿಂದ ಕಾಣುತ್ತದೆ, ಈಗ ಅಲ್ಲಿ ಗುದ್ದಲಿ ಸನಿಕೆ ಇಡುತ್ತಾರೆ.

ಈ ಕೆಲಸದಲ್ಲಿ ಪಿಳ್ಳಮ್ಮ ಎಡವಿದ್ದೂ ಅಕ್ಕನಿಂದಲೇ. ಅದನ್ನು ಹೇಳಬೇಕಾದರೆ ಚಾಮರಾಜಪೇಟೆಯ ಮಹಾನಂದರ ಕತೆ ಹೇಳಬೇಕು. ಆ ಮನೆಯವರ ಹೆಸರುಗಳನ್ನು ಬದಲಾಯಿಸಿದ್ದೇನೆ. ಪಿಳ್ಳಮ್ಮನ ಹೆಸರು ಮಾತ್ರ ನಿಜ. ಈ ಸುತ್ತಿನಲ್ಲಿ ಸೊಪ್ಪು ಮಾರುವ ಪಿಳ್ಳಮ್ಮಂದಿರು ಹತ್ತು ಜನ ಇದ್ದಾರೆ, ಯಾರೆಂದು ಹುಡುಕುತ್ತೀರಿ?

ಮಹಾನಂದರ ಗಂಡ ಸಿದ್ದಬಸಪ್ಪನವರಿಗೆ ನಗರ್ತಪೇಟೆಯಲ್ಲಿ ಜವಳಿ ಅಂಗಡಿ. ಮೂರು ವರ್ಷದ ಹಿಂದೆ, ಮಗಳು ಶಿವಕುಮಾರಿಗೆ ನಾಲ್ಕು ತುಂಬಿದಾಗ, ಮಹಾನಂದರಿಗೆ ಯಾರೋ ಅಡುಗೆಗೆ ವಿಷ ಬೆರೆಸುತ್ತಿದ್ದಾರೆ ಎಂಬ ನಂಬಿಕೆ ಹತ್ತಿತು. ಗೋಡೆಯಾಚೆಯಿಂದ ಒಂದು ದನಿ ಅದನ್ನೇ ಹೇಳುತ್ತಿತ್ತು. ಎರಡು ದಿನ ಮಗುವಿನ ಬಾಯಿಗೆ ಒಂದು ತುತ್ತು ಬೀಳಲು ಬಿಡಲಿಲ್ಲ. ಕೈಯಿಂದ ಕಿತ್ತು ಕಿತ್ತು ಎಸೆದರು, ಮಗು ಉಳಿಯಲಿ ಎಂಬ ಪ್ರೀತಿಯಿಂದಲೇ. ಮೂರನೆಯ ದಿನ ಮಗು ಎಚ್ಚರ ತಪ್ಪಿತು. ಮನೆಯವರು ಇಬ್ಬರನ್ನೂ ಎರಡು ಆಸ್ಪತ್ರೆಗೆ ಒಯ್ದರು.

ಒಂಬತ್ತು ತಿಂಗಳು, ಬುದ್ಧಿಭ್ರಮಣೆಗೆ ಕೊಡುವ ಇನ್ಸುಲಿನ್ ಸೂಜಿ, ಕರೆಂಟಿನ ಚಿಕಿತ್ಸೆ ಆದಮೇಲೆ ಮಹಾನಂದ ಮನೆಗೆ ಬಂದರು. ದನಿ ನಿಂತಿತ್ತು. ಆದರೆ ಅವರೂ ನಿಂತಂತೆಯೇ ಇದ್ದರು. ಬಡಿಸಿದ್ದು ಉಣ್ಣುವರು, ಕೂರಿಸಿದಲ್ಲಿ ಕೂರುವರು. ಅಡುಗೆಮನೆಗೆ ಹೋಗುವಂತಿಲ್ಲ, ಮಗುವನ್ನು ಮುಟ್ಟುವಂತಿಲ್ಲ. ಅತ್ತೆ ಶೈಲಜಮ್ಮ ಕೆಟ್ಟವರಲ್ಲ, ಹೆದರಿದವರು. ಶಿವರಾತ್ರಿಯವರೆಗೆ ನೋಡುವುದು, ಹೀಗೇ ಇದ್ದರೆ ಸೊಸೆಯನ್ನು ತಿಪಟೂರಿನ ತವರಿಗೆ ಕಳಿಸಿಬಿಡುವುದು, ಮಗು ಇಲ್ಲೇ ಬೆಳೆಯುವುದು ಎಂದು ಮನೆಯಲ್ಲಿ ಗೊತ್ತುಮಾಡಿದರು.

ಪಿಳ್ಳಮ್ಮನಿಗೆ ಆ ಮುಖದಲ್ಲಿ ಅಕ್ಕನೇ ಕಂಡರು. ಮಹಾನಂದ ಬಾಗಿಲಿಗೆ ಬಂದು ಕೈಯೊಡ್ಡುವ ಮೊದಲೇ ದಪ್ಪ ಕಟ್ಟು ಇಟ್ಟು, ಮೇಲೆ ಒಂದಲ್ಲ, ಎರಡು ಹಿಡಿ ಸುರಿದುಬಿಡುವರು. ಹೀಗೆ ಮೂರು ತಿಂಗಳು ನಡೆಯಿತು. ಸೋಮವಾರದ ಹಾಳೆಯಲ್ಲಿ ಮಾತ್ರ ಅದೇ ಉತ್ತರ: ಕೊಸರು ಕೇಳಲಿಲ್ಲ. ಶಿವರಾತ್ರಿಗೆ ಮೂರು ವಾರ ಇರುವಾಗ ಸರಸ್ವತಮ್ಮ, ನೀನು ಹೇಗೆ ಕೊಡ್ತೀಯ, ಮಾಡಿ ತೋರಿಸು ಎಂದರು. ಪಿಳ್ಳಮ್ಮ ತೋರಿಸಿದರು. ಸರಸ್ವತಮ್ಮ ಪೆನ್ಸಿಲ್ ಕೆಳಗಿಟ್ಟು ಮೆಲ್ಲಗೆ ಹೇಳಿದರಂತೆ: "ಪಿಳ್ಳಮ್ಮ, ಕೇಳೋದಕ್ಕೆ ನೀನು ಜಾಗಾನೇ ಬಿಟ್ಟಿಲ್ವಲ್ಲ."

ಮಾರನೆಯ ದಿನದಿಂದ ಶುರುವಾಯಿತು ಸಣ್ಣ ಕಟ್ಟು. ಮಹಾನಂದರಿಗೆ ಬಡಕಲು ಕಟ್ಟು ಕೊಟ್ಟು, ಬುಟ್ಟಿ ಎತ್ತದೆ, ಎಲೆಯಡಿಕೆ ಹುಡುಕುವವರ ಹಾಗೆ ಮಡಿಲು ತಡಕುತ್ತ ಪಿಳ್ಳಮ್ಮ ಕಾಯುವರು. ಮಹಾನಂದ ಕಟ್ಟನ್ನು ನೋಡುವರು, ಒಳಗೆ ಹೋಗುವರು. ದಿನ ದಿನವೂ ಇದೇ. "ಕಾಯಿಲೆಯವ್ರಿಗೆ ಕಡಿಮೆ ಕೊಡ್ತೀನಲ್ಲ, ನಾನೂ ಒಬ್ಬ ಹೆಂಗಸಾ ಅನ್ಸೋದು ಸ್ವಾಮಿ." ಎರಡು ಸಲ ತಡೆಯಲಾಗದೆ ಹಿಡಿ ಎತ್ತಿ, ಮತ್ತೆ ಬುಟ್ಟಿಗೇ ಹಾಕಿಕೊಂಡರಂತೆ. ಅತ್ತ ಶೈಲಜಮ್ಮ ಅಟ್ಟದಿಂದ ಟ್ರಂಕು ಇಳಿಸಿ ಸೊಸೆಯ ಸೀರೆಗಳನ್ನು ಮಡಿಸಿಡತೊಡಗಿದ್ದರು.

ಶಿವರಾತ್ರಿಗೆ ಎರಡೇ ದಿನ. ಮಹಾನಂದ ಕಟ್ಟನ್ನು ತೆಗೆದುಕೊಂಡು ತಿರುಗಿದರು. ಹೊಸಿಲಿನ ಹತ್ತಿರ ನಿಂತರು. ಕಟ್ಟನ್ನು ಅಂಗೈ ಮೇಲೆ ತೂಗಿ ನೋಡಿದರು.

"ಇದೇನು ಪಿಳ್ಳಮ್ಮ, ಇಷ್ಟೇನಾ? ಇನ್ನೊಂದು ಹಿಡಿ ಹಾಕು. ಮಗೂಗೂ ಸಾಕಾಗ್ಬೇಕಲ್ಲ."

ಒಳಗೆ ಸೀರೆ ಮಡಿಸುತ್ತಿದ್ದ ಶೈಲಜಮ್ಮನಿಗೆ ಕೇಳಿಸಿತು. ಅವರು ಎದ್ದು ಬಂದರು. ಗೋಡೆಗೆ ಒರಗಿಸಿದ್ದ ಮೊರ ತೆಗೆದು ಸೊಸೆಯ ಕೈಗಿಟ್ಟರು. ಅಂದು ಮಹಾನಂದ ಸೊಪ್ಪು ಬಿಡಿಸಿ, ಒಂದೂಕಾಲು ವರ್ಷದ ಮೇಲೆ ಒಲೆ ಮುಂದೆ ಕೂತು ಮಸೊಪ್ಪು ಮಾಡಿದರು. ಮೊದಲು ತಾವು ಒಂದು ತುತ್ತು ತಿಂದು, ಆಮೇಲೆ ಮಗುವಿಗೆ ಕಲಸಿಕೊಟ್ಟರು. ಮಗು ಅಜ್ಜಿಯ ಮುಖ ನೋಡಿತಂತೆ. ಅಜ್ಜಿ, ಉಣ್ಣು ಕಂದ ಎಂದರಂತೆ. ಆ ದಿನದ ಬಗ್ಗೆ ಶೈಲಜಮ್ಮ ನನ್ನೊಡನೆ ಆಡಿದ್ದು ಇಷ್ಟೇ: "ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು. ನಾನು ಎರಡು ಸಲ ಹಾಕಿಸ್ಕೊಂಡೆ." ಇದನ್ನು ಹೇಳಿ ಅವರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಟ್ರಂಕು ಅಟ್ಟಕ್ಕೆ ಮರಳಿತು.

ಈ ಅಧ್ಯಯನದ ಪ್ರಬಂಧವನ್ನು ಸರಸ್ವತಮ್ಮ ಈಚೆಗೆ ವಿದ್ವಾಂಸರ ಸಭೆಯೊಂದರಲ್ಲಿ ಓದಿದರು. ಚಪ್ಪಾಳೆ ಬಿದ್ದಾಗ, ಇದು ನನ್ನದೊಬ್ಬಳದಲ್ಲ ಎಂದರಂತೆ. ಆ ಸಂಗತಿ ಹೇಳಿದರೆ ಪಿಳ್ಳಮ್ಮ, ಸಭೆಯಲ್ಲಿ ಊಟ ಹಾಕಿದ್ರಾ ಎಂದಷ್ಟೇ ವಿಚಾರಿಸುತ್ತಾರೆ.

ಹೊತ್ತು ಎಂಟಾಗಿದೆ. ಬಡಕಲು ಕಟ್ಟುಗಳಲ್ಲಿ ಒಂದು ಗವಿಪುರದ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿದೆ, ಇನ್ನೊಂದು ಬಸವನಗುಡಿಯ ಹೆಣ್ಣುಮಗಳೊಬ್ಬಳಿಗೆ. ಇಬ್ಬರೂ ಇನ್ನೂ ಕೇಳಿಲ್ಲ. ಮೂರನೆಯದನ್ನು ಹಿಡಿದು ಪಿಳ್ಳಮ್ಮ ನಿಲ್ಲುವುದು ಮಹಾನಂದರ ಬಾಗಿಲಲ್ಲೇ. ನನಗೆ ಆಶ್ಚರ್ಯ. ಗುಣವಾಗಿ ಎರಡು ವರ್ಷ ಕಳೆದವರಿಗೆ ಇನ್ನೂ ಏಕೆ ಸಣ್ಣ ಕಟ್ಟು?

ಉತ್ತರ ಕೊಡುವವರು ಮಹಾನಂದ. ಹಣೆಯಲ್ಲಿ ವಿಭೂತಿ, ಸೆರಗಿನ ತುದಿ ಹಿಡಿದುಕೊಂಡ ಏಳು ವರ್ಷದ ಶಿವಕುಮಾರಿ. ಹಾಗೇ ತರಬೇಕು ಎಂದು ತಾವೇ ಹೇಳಿದ್ದಾರಂತೆ. ಹೋದ ಆಷಾಢದಲ್ಲಿ ಅವರು ನಾಲ್ಕು ದಿನ ಕೊಸರು ಕೇಳಲಿಲ್ಲ. ಮನೆಯವರಿಗೆ ಏನೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಪಿಳ್ಳಮ್ಮ ಸೋಮವಾರದವರೆಗೆ ಕಾಯದೆ, ಬುಟ್ಟಿ ಸಮೇತ ಸರಸ್ವತಮ್ಮನ ಮನೆಗೆ ಹೋಗಿ ಹೇಳಿದರು. ಮರುದಿನವೇ ವೈದ್ಯರು ನೋಡಿದರು, ಹೊಸದಾಗಿ ಬಂದಿರುವ ಮಾತ್ರೆ ಕೊಟ್ಟರು. ಮೂರು ವಾರದಲ್ಲಿ ಚೇತರಿಸಿಕೊಂಡರು. ಈ ಸಲ ಆಸ್ಪತ್ರೆಗೆ ಸೇರಬೇಕಾಗಲಿಲ್ಲ, ಮಗುವನ್ನು ಒಂದು ದಿನವೂ ಬಿಟ್ಟಿರಬೇಕಾಗಲಿಲ್ಲ.

"ಕೇಳದೆ ಇದ್ದ ದಿನ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ ಸಾರ್," ಎನ್ನುತ್ತಾರೆ ಮಹಾನಂದ. ಆಮೇಲೆ ಕಟ್ಟನ್ನು ಅಂಗೈಯಲ್ಲಿ ತೂಗಿ, ಮುಖ ಗಂಟಿಕ್ಕಿ, ಇದು ಸೊಪ್ಪೋ ದರ್ಭೆಯೋ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಪಿಳ್ಳಮ್ಮ, ನನ್ನ ಮನೆ ತೊಳೀತೀರಲ್ಲ ತಾಯಿ ಎಂದು ಗೋಳಾಡುತ್ತ ಒಂದು ಹಿಡಿ ಹಾಕುತ್ತಾರೆ. ಸಾಲದು. ಇನ್ನೊಂದು ಹಿಡಿ. ಶಿವಕುಮಾರಿ ತಾನೂ ಲಂಗ ಒಡ್ಡುತ್ತಾಳೆ. ಅದಕ್ಕೂ ಒಂದು ಹಿಡಿ ಬೀಳುತ್ತದೆ.

ಬೀದಿಯ ತಿರುವಿನಲ್ಲಿ ಬುಟ್ಟಿ ತಲೆಗೇರಿಸಲು ಕೈ ಕೊಡುತ್ತೇನೆ. ನಿಮಗೇನಾದರೂ ಆಸೆ ಇದೆಯೇ, ಪತ್ರಿಕೆಯಲ್ಲಿ ಬರೆಯುತ್ತೇನೆ ಎನ್ನುತ್ತೇನೆ. ಪಿಳ್ಳಮ್ಮ ಬುಟ್ಟಿಯ ಕೆಳಗಿನ ಬಟ್ಟೆಯ ಸಿಂಬಿ ಸರಿಮಾಡಿಕೊಳ್ಳುತ್ತಾರೆ.

"ಇವತ್ತು ಕೇಳಿದ್ರಲ್ಲ. ನಾಳೆನೂ ಕೇಳ್ಲಿ ಸ್ವಾಮಿ. ಕೇಳೋವಾಗ ಬಾಗ್ಲಲ್ಲಿ ನಾನಿರ್ಲಿ."